ಶಾಲು ಹೊದಿಸಿದರೆ ಸಾಲದು



ಸೈನಿಕರ ಪತ್ರ, ಛಾಯಾಚಿತ್ರ ಮತ್ತು ಸಾಮಾನುಗಳ ಈ ಪ್ರದರ್ಶನವನ್ನು ಉದ್ಘಾಟಿಸುವ ಅವಕಾಶ ಕೊಟ್ಟಿದ್ದೀರಿ. ಕೊಡಗಿಗೆ ಬಂದು ಸೈನ್ಯದ ಬಗ್ಗೆ ಭಾಷಣ ಮಾಡಲು ಯಾರಿಗಾದರೂ ಸ್ವಲ್ಪ ಅಳುಕು ಇರಲೇಬೇಕು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಈ ಮಣ್ಣಿನವರು. ಕಾಶ್ಮೀರದಲ್ಲಿ ಡಿವಿಷನ್ ಮುನ್ನಡೆಸಿ, ಮುಂದೆ ಸೇನಾ ಮುಖ್ಯಸ್ಥರಾಗಿ, 1965ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ಹೊಣೆಯಲ್ಲಿದ್ದಾಗಲೇ ತೀರಿಕೊಂಡ ತಿಮ್ಮಯ್ಯನವರು ಈ ಮಡಿಕೇರಿಯವರು. ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಜನರಲ್‌ಗಳ ಕಥೆ ಹೇಗೋ ಉಳಿಯುತ್ತದೆ. ಹವಾಲ್ದಾರರ ಕಥೆಯ ಗತಿ ಏನು ಎಂಬುದು ನನ್ನ ಪ್ರಶ್ನೆ.

1948ರ ನವೆಂಬರ್ 1ರಂದು 11,000 ಅಡಿಗೂ ಮೇಲಿನ ಜೋಜಿ ಲಾ ಕಣಿವೆಗೆ ತಿಮ್ಮಯ್ಯನವರು ಟ್ಯಾಂಕುಗಳನ್ನು ನುಗ್ಗಿಸಿದ್ದು ಪುಸ್ತಕಗಳಲ್ಲಿದೆ. ಆದರೆ ಹೇಸರಗತ್ತೆಗಳು ನಡೆಯುತ್ತಿದ್ದ ಹಾದಿಯಲ್ಲಿ ಟ್ಯಾಂಕು ಹತ್ತಿದ್ದು ಹೇಗೆ? ಮದ್ರಾಸ್ ಸ್ಯಾಪರ್‌ಗಳು, ಅಂದರೆ ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಪಡೆಯ ಜವಾನರು, ಆ ಚಳಿಯಲ್ಲಿ ಬಂಡೆ ಒಡೆದು ದಾರಿ ಅಗಲ ಮಾಡಿದ್ದರಿಂದ. ಆ ಜವಾನರಲ್ಲಿ ಎಷ್ಟು ಮಂದಿ ಊರಿಗೆ ಬಂದು ತಮ್ಮ ಅನುಭವ ಹೇಳಿಕೊಂಡರೋ, ಕೇಳಿದವರಲ್ಲಿ ಎಷ್ಟು ಮಂದಿ ಬರೆದಿಟ್ಟರೋ!

ಅಧಿಕಾರಿಗಳ ವಿಷಯದಲ್ಲೂ ಹೀಗೇ ಆಗಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಹೆಸರು ನಿಮಗೆಲ್ಲ ಗೊತ್ತು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆ ತಂಡದ ಮೀಸಲು ಪೈಲಟ್. ಆದರೂ ಹೋದರು, ಮರಳಿ ಬರಲಿಲ್ಲ. ಕಾಗದದಲ್ಲಿ ಉಳಿದದ್ದು ‘ಕಾಣೆಯಾಗಿದ್ದಾರೆ’ ಎಂಬ ಷರಾ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ವಾಯುಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯ ಮಾಹಿತಿಯಿಂದ ಪುಸ್ತಕ ಬರೆದ. ತನಗಿಂತ ಬಹಳ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಮಿಸ್ಟೇರ್ ಹೊಡೆದುರುಳಿಸಿತ್ತು, ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಜಿಗಿದು ಬದುಕಿದ್ದ ಎಂಬುದು ಆಗ ಹೊರಬಿತ್ತು. ಎಲ್ಲವನ್ನೂ ತಾಳೆ ನೋಡಿದಾಗ ಆ ಮಿಸ್ಟೇರ್ ದೇವಯ್ಯನವರದ್ದೆಂದು ತಿಳಿಯಿತು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು, 23 ವರ್ಷಗಳ ನಂತರ. ನಮ್ಮ ವೀರನ ಕಥೆ ನಮಗೆ ಎದುರಾಳಿಯ ಕಡೆಯಿಂದ ತಿಳಿಯಬೇಕಾಯಿತು.

ಬರೆದಿಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇ? ನಾಡಿನ ಎಷ್ಟೋ ಹಳ್ಳಿಗಳಲ್ಲಿ ವೀರಗಲ್ಲು ಸಿಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವಂತೂ ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನದು. ತಕ್ಕೋಲದ ಯುದ್ಧದಲ್ಲಿ ಹೋರಾಡಿದ್ದ ಮಣಲರ ಎಂಬ ವೀರ, ರಾಜನನ್ನು ಬೇಡಿ ಪಡೆದಿದ್ದ ನಾಯಿ ಅದು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಆ ಕಲ್ಲನ್ನು ಇಂದಿಗೂ ನೋಡಬಹುದು. ನಾಯಿಯ ಹೆಸರನ್ನೂ ಕಲ್ಲಿಗೆ ಕೊಟ್ಟ ನಾಡು, ತನ್ನ ಸಿಪಾಯಿಗಳ ಅನುಭವವನ್ನು ಕಾಗದಕ್ಕೂ ಕೊಡದಿದ್ದರೆ ಹೇಗೆ?

ಪ್ರದರ್ಶನದ ಒಳಗೆ ಎಡಗೋಡೆಯ ಮೇಲಿರುವ ಇನ್‌ಲ್ಯಾಂಡ್ ಪತ್ರವನ್ನು ದಯವಿಟ್ಟು ನಿಂತು ಓದಿ. ಕಳುಹಿಸಿದವನ ವಿಳಾಸದಲ್ಲಿ ಊರಿಲ್ಲ, ‘ಕೇರಾಫ್ 56 ಎ.ಪಿ.ಒ.’, ಅಂದರೆ ಸೇನಾ ಅಂಚೆ ಕಚೇರಿ, ಅಷ್ಟೇ. ಜವಾನ ಎಲ್ಲಿದ್ದಾನೆಂಬುದು ಮನೆಗೂ ತಿಳಿಯಬಾರದು. ಪತ್ರದೊಳಗೆ ಯುದ್ಧದ ಸುದ್ದಿಯೇ ಇಲ್ಲ. ಕಾಫಿಗೆ ಹೂಮಳೆ ಬಿತ್ತೇ, ಗದ್ದೆ ನಾಟಿಗೆ ಆಳು ಸಿಕ್ಕರೇ, ತಂಗಿಯ ಮದುವೆ ಮಾತು ಎಲ್ಲಿಗೆ ಬಂತು ಎಂದು ಕೇಳಿದ್ದಾನೆ. ಕೊನೆಗೆ, ನನ್ನ ಚಿಂತೆ ಬೇಡ ಎಂದಿದ್ದಾನೆ. ಯುದ್ಧ ಎಂದರೆ ಇದೂ ಹೌದು. ಆ ಪತ್ರಕ್ಕೆ ಕಾಯುತ್ತ ತೋಟ ನೋಡಿಕೊಂಡ ಹೆಂಡತಿಯ ಕಥೆಯೂ ಯುದ್ಧದ ಕಥೆಯೇ. ಅಡುಗೆಯವರು, ಲಾರಿ ಚಾಲಕರು, ಸಿಗ್ನಲ್‌ನವರು, ನರ್ಸುಗಳು, ಇವರನ್ನೂ ಕೇಳಬೇಕು.

ಕೇಳಲು ಹೆಚ್ಚು ಕಾಲವಿಲ್ಲ. 1962ರ ಯುದ್ಧದಲ್ಲಿ ಕಾದಾಡಿದವರು ಎಂಬತ್ತು ದಾಟಿದ್ದಾರೆ. 1971ರ ಯುದ್ಧದಲ್ಲಿ ಇಪ್ಪತ್ತರ ತರುಣರಾಗಿದ್ದವರು ಇಂದು ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಅದೇ 1971ರ ವಿಷಯದಲ್ಲಿ ಢಾಕಾದ ವಿಮೋಚನಾ ಯುದ್ಧ ವಸ್ತುಸಂಗ್ರಹಾಲಯ ಒಂದು ಒಳ್ಳೆಯ ಕೆಲಸ ಮಾಡಿದೆ. ಶಾಲಾ ಮಕ್ಕಳು ತಮ್ಮ ಮನೆಯ, ನೆರೆಯ ಹಿರಿಯರನ್ನು ಮಾತನಾಡಿಸಿ, ಅವರು ಕಂಡದ್ದನ್ನು ಬರೆದು ಕಳುಹಿಸುತ್ತಾರೆ. ಅದಕ್ಕೆ ಬೇಕಾದದ್ದು ನೋಟ್‌ಪುಸ್ತಕ ಮತ್ತು ಕೇಳುವ ಮನಸ್ಸು.

ನಾವೂ ಮಾಡಬಹುದು. ವಿದ್ಯಾರ್ಥಿಗಳೇ, ನಿಮ್ಮೆಲ್ಲರ ಜೇಬಿನಲ್ಲಿ ಧ್ವನಿಮುದ್ರಣದ ಯಂತ್ರವಿದೆ. ತಾತನ ಎದುರು ಅದನ್ನಿಟ್ಟು ಸುಮ್ಮನೆ ಕುಳಿತುಕೊಳ್ಳಿ. ‘ಎಷ್ಟು ಶತ್ರುಗಳನ್ನು ಕೊಂದಿರಿ?’ ಎಂದು ಕೇಳಬೇಡಿ. ಯಾವ ಪಲ್ಟನ್, ಯಾವ ವರ್ಷ, ಏನು ತಿಂದಿರಿ, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿ. ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಕನ್ನಡದಲ್ಲೋ, ಅವರಿಗೆ ಸಲೀಸಾದ ಮಾತಿನಲ್ಲಿ ಹೇಳಲಿ. ಹೇಳಲು ಇಷ್ಟವಿಲ್ಲದ್ದನ್ನು ಕೆದಕಬೇಡಿ; ಆ ಮೌನದ ಮೇಲೆ ಅವರಿಗೆ ಹಕ್ಕಿದೆ. ಮನೆಯವರಿಗೆ ಒಂದು ಮಾತು: ಹಳೆಯ ಫೋಟೊಗಳ ಹಿಂದೆ ಹೆಸರು, ಊರು, ವರ್ಷವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಮಸಿ ಚಿತ್ರಕ್ಕೆ ಇಳಿಯುತ್ತದೆ. ಟ್ರಂಕನ್ನು ಗುಜರಿಗೆ ಹಾಕುವ ಮುನ್ನ ಒಳಗಿನ ಕಾಗದಗಳನ್ನು ಒಮ್ಮೆ ನೋಡಿ.

ಶಾಲು, ಹಾರ, ಫಲತಾಂಬೂಲ ಎಲ್ಲವೂ ಇರಲಿ, ಅದು ನಮ್ಮ ಸಂಪ್ರದಾಯ. ಆದರೆ ಸನ್ಮಾನ ಮಾಡಿ ಮನೆಗೆ ಕಳುಹಿಸಿದ ಹಿರಿಯರ ಬಳಿ ಮರುದಿನ ಹೋಗಿ ಒಂದು ಗಂಟೆ ಕುಳಿತು ಕೇಳುವುದು ಅದಕ್ಕಿಂತ ದೊಡ್ಡ ಗೌರವ. ಇಂದು ಇಲ್ಲಿಗೆ ಬಂದ ಪ್ರತಿಯೊಬ್ಬರೂ ಈ ವರ್ಷ ಒಬ್ಬ ಸೈನಿಕರ ಮಾತನ್ನಾದರೂ ದಾಖಲಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತ, ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತೇನೆ.

ಜೈ ಹಿಂದ್. ಜೈ ಕರ್ನಾಟಕ.