ಬಾರದ ಕೋರೆಹಲ್ಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಬಂದಾನ, ಕಂಪ್ಯೂಟರ್ ಬಗ್ಗೆ ಹೇಳ್ತಾನ ಅಂತ ತಿಳಿದಿದ್ದರೆ ಕ್ಷಮಿಸಿ. ನಾನು ಹಲ್ಲಿನ ಬಗ್ಗೆ ಮಾತಾಡಲು ನಿಂತಿದ್ದೇನೆ.

ದನದ ಸಂತೆಯಲ್ಲಿ ನಮ್ಮ ಹಿರಿಯರು ಹೋರಿಯ ಬಾಯಿ ತೆರೆಸಿ ನೋಡದೆ ವ್ಯಾಪಾರ ಕುದುರಿಸುವುದಿಲ್ಲ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಎಣಿಸುತ್ತಾರೆ. ಮಕ್ಕಳ ಬಾಯಲ್ಲಿ ಮಾತ್ರ ಯಾರೂ ಎಣಿಸುವುದಿಲ್ಲ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆ ಮೇಲೆ ಒಗೆಯುತ್ತೇವೆ. ಬೀಳದ ಹಲ್ಲಿನ ಲೆಕ್ಕ ಇಡುವುದಿಲ್ಲ.

ನನ್ನ ಅಕ್ಕನ ಮಗಳು ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು. ಮೇಲಿನ ಎಡಗಡೆ ಕೋರೆಹಲ್ಲು ಬಂದಿತ್ತು, ಬಲಗಡೆ ಸಣ್ಣ ಹಾಲುಹಲ್ಲೇ ಗಟ್ಟಿಯಾಗಿ ಕೂತಿತ್ತು. ನೋವಿಲ್ಲ, ಬಾವಿಲ್ಲ. “ಬರ್ತೈತಿ ಬಿಡ, ಏನ್ ಅವಸರ” ಎಂದಳು ಅವ್ವ. ಪೇಟೆಯ ಡಾಕ್ಟರೊಬ್ಬರೂ ಎಕ್ಸ್‌ರೇ ತೆಗೆಸದೆ ಅದನ್ನೇ ಹೇಳಿ ಕಳಿಸಿದರು. ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಂಡು ವಿಚಾರಿಸಿದವರು ವಿಜ್ಞಾನ ಕಲಿಸುವ ಅಕ್ಕೋರು. ಅವರು ಒತ್ತಾಯ ಮಾಡಿದ ಮೇಲೆಯೇ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿಗೆ ಕರೆದೊಯ್ದೆವು. 1986ರಿಂದ ನಡೆದಿರುವ ಕಾಲೇಜು ಅದು.

ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಂಬ ಎಕ್ಸ್‌ರೇ ತೆಗೆದರು. ಬಾರದ ಹಲ್ಲು ಅಂಗುಳಿನ ಕಡೆ ಅಡ್ಡ ಮಲಗಿತ್ತು, ತುದಿ ಮುಂದಿನ ಹಲ್ಲಿನ ಬೇರಿಗೆ ತಾಗುವ ಹಾಗಿತ್ತು. ಹಾಗೇ ಬಿಟ್ಟರೆ ಆ ಬೇರು ಸವೆದು ಒಳ್ಳೆಯ ಹಲ್ಲೂ ಹೋಗಬಹುದು ಎಂದರು. ಅಕ್ಕ ಹೆದರಿದ್ದು ಆಗಲೇ. ಅಲ್ಲಿಯವರೆಗೆ ಅವಳಿಗೆ ಇದು ಅಂದದ ಮಾತು, ಮುಂದೆ ಹುಡುಗಿ ನೋಡಲು ಬಂದವರು ಏನಂದಾರು ಎಂಬ ಮಾತು ಆಗಿತ್ತು, ಅಷ್ಟೇ.

ಮೇಲಿನ ಕೋರೆಹಲ್ಲು ಮೂಗಿನ ಪಕ್ಕ, ಬಹಳ ಎತ್ತರದಲ್ಲಿ ಬೆಳೆಯತೊಡಗುತ್ತದೆ. ಕೆಳಗಿಳಿಯಲು ಅದಕ್ಕೆ ಉದ್ದ ದಾರಿ. ದಾರಿ ತಪ್ಪುವುದೂ ಹೆಚ್ಚು. ಬುದ್ಧಿಹಲ್ಲು ಬಿಟ್ಟರೆ ಒಳಗೇ ಸಿಕ್ಕಿಬೀಳುವುದರಲ್ಲಿ ಇದೇ ಮುಂದು. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಹೀಗಾಗುತ್ತದೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಸಾಮಾನ್ಯವಾಗಿ 11–12 ವರ್ಷಕ್ಕೆ ಅದು ಹೊರಬರುತ್ತದೆ. ಹತ್ತು ವರ್ಷದ ಮಗುವಿನ ಹಾಲುಕೋರೆಯ ಮೇಲೆ, ವಸಡಿನ ಹೊರಗಡೆ ಬೆರಳಾಡಿಸಿದರೆ ಸಣ್ಣ ಉಬ್ಬು ಸಿಗಬೇಕು. ಒಂದು ಕಡೆ ಸಿಕ್ಕು ಇನ್ನೊಂದು ಕಡೆ ಸಿಗದಿದ್ದರೆ ದಂತವೈದ್ಯರಿಗೆ ತೋರಿಸಿ. ಆ ವಯಸ್ಸಿನಲ್ಲಿ ಎಷ್ಟೋ ಸಲ ಹಾಲುಹಲ್ಲು ಕಿತ್ತರೆ ಸಾಕು. ಸ್ವೀಡನ್ನಿನ ಎರಿಕ್‌ಸನ್ ಮತ್ತು ಕುರೋಲ್ ಎಂಬ ವೈದ್ಯರು 10ರಿಂದ 13 ವರ್ಷದ ಮಕ್ಕಳಲ್ಲಿ ಅಷ್ಟನ್ನೇ ಮಾಡಿ ನೋಡಿ 1988ರಲ್ಲಿ ಬರೆದರು: ಅಂಗುಳಿನ ಕಡೆ ಹೊರಳಿದ್ದ ಕೋರೆಹಲ್ಲುಗಳಲ್ಲಿ ಶೇ. 78 ತಾವಾಗಿಯೇ ಸರಿದಾರಿಗೆ ಬಂದವು.

ನಮ್ಮ ಹುಡುಗಿಗೆ 14 ದಾಟಿತ್ತು. ಮೊದಲು ಕ್ಲಿಪ್ ಹಾಕಿ ಜಾಗ ಮಾಡಿದರು. ಆಮೇಲೆ ಆ ಜಾಗವಷ್ಟೇ ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟು, ವಸಡು ಬಿಡಿಸಿ, ಒಳಗಿನ ಹಲ್ಲಿಗೆ ಪುಟ್ಟ ಗುಂಡಿ ಅಂಟಿಸಿ ಸಣ್ಣ ಸರಪಳಿ ಕಟ್ಟಿದರು. ಆಪರೇಷನ್ ಮುಗಿಸಿ ಹುಡುಗಿ ಅದೇ ದಿನ ಊರಿಗೆ ಬಂದಳು, ಎರಡು ದಿನ ಗಂಜಿ ಕುಡಿದಳು. ಮುಂದೆ ಇದ್ದದ್ದು ಎಳೆಯುವ ಕೆಲಸ. ಜೋರಾಗಿ ಎಳೆಯುವಂತಿಲ್ಲ, ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಎಲ್ಲ ಸೇರಿ ಎರಡು ವರ್ಷ.

ನಮ್ಮ ಕಡೆ ಚಿಕಿತ್ಸೆ ನಿಂತುಹೋಗುವುದು ಈ ಎರಡು ವರ್ಷದಲ್ಲೇ. ಹೆಸರುಕಾಯಿ ಬಿಡಿಸುವ ದಿನಗಳಲ್ಲೂ ಅಕ್ಕ ತಿಂಗಳಿಗೊಂದು ದಿನದ ಕೂಲಿ ಬಿಟ್ಟು ಸತ್ತೂರಿಗೆ ಹೋಗಬೇಕಿತ್ತು. ಶಕ್ತಿ ಯೋಜನೆಯಿಂದ ಸಾದಾ ಬಸ್ಸಿನಲ್ಲಿ ತಾಯಿ ಮಗಳಿಗೆ ಟಿಕೀಟಿನ ಖರ್ಚು ಉಳಿಯಿತು, ದಿನ ಉಳಿಯಲಿಲ್ಲ. ಕ್ಲಿಪ್ಪಿನ ಖರ್ಚೂ ಸಣ್ಣದಲ್ಲ. ಆದರೂ ಅಕ್ಕ ಒಂದು ತಿಂಗಳೂ ತಪ್ಪಿಸಲಿಲ್ಲ. ನನ್ನ ಮಟ್ಟಿಗೆ ಈ ಕಥೆಯಲ್ಲಿ ದೊಡ್ಡ ಕೆಲಸ ಮಾಡಿದವಳು ಅವಳೇ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೆಲವೇ ದಿನ ಇದ್ದಾಗ ವಸಡಿನಲ್ಲಿ ಬಿಳಿ ಚುಕ್ಕೆ ಕಂಡಿತು. ಹುಡುಗಿ ಕನ್ನಡಿ ಹಿಡಿದು ಮನೆಮಂದಿಗೆಲ್ಲ ತೋರಿಸಿದಳು, ಎದುರುಮನೆಯವರನ್ನೂ ಬಿಡಲಿಲ್ಲ.

ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸೋಣ, ಸ್ವಲ್ಪ ಗಿಡ್ಡ ಇರಲಿ. ಉಳಿದ ಹಣದಲ್ಲಿ ಪ್ರತಿ ಜೂನ್‌ನಲ್ಲಿ ಎಂಟನೆಯ ತರಗತಿಗೆ ಬರುವ ಮಕ್ಕಳ ಹಲ್ಲು ಎಣಿಸಿ, ಬೇಕಾದವರಿಗೆ ಎಕ್ಸ್‌ರೇ ತೆಗೆಸೋಣ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹುಳುಕು ಹಲ್ಲಿನ ಜೊತೆಗೆ ಬಾರದ ಹಲ್ಲನ್ನೂ ತೋರಿಸೋಣ. ಪ್ರಾಥಮಿಕ ಶಾಲೆಯ ಗುರುಗಳು ಐದನೆಯ ತರಗತಿಯಿಂದಲೇ ನೋಡಿದರೆ ಇನ್ನೂ ಒಳ್ಳೆಯದು. ಮಕ್ಕಳ ಪಟ್ಟಿ ಇಡುವ ಕೆಲಸ ನನಗೆ ಕೊಡಿ, ಮೊದಲ ವರ್ಷದ ಎಕ್ಸ್‌ರೇ ಖರ್ಚೂ ನನ್ನದು.