ತಾಯಿಯ ತಟ್ಟೆ, ಮಗುವಿನ ತೂಕ



ಮಕ್ಕಳ ಆರೋಗ್ಯ ಎಂದ ಕೂಡಲೇ ನಮಗೆ ನೆನಪಾಗುವುದು ಲಸಿಕೆ, ಔಷಧಿ, ಆಸ್ಪತ್ರೆ. ಇವೆಲ್ಲ ಬೇಕೇ ಬೇಕು. ಆದರೆ ಮಗು ಆಸ್ಪತ್ರೆಯ ಮೆಟ್ಟಿಲು ಹತ್ತುವುದಕ್ಕೆ ಮೊದಲೇ ಅದರ ಆರೋಗ್ಯದ ಎಷ್ಟೋ ಪಾಲು ತೀರ್ಮಾನವಾಗಿ ಹೋಗಿರುತ್ತದೆ. ಮನೆಯ ವರಮಾನ ಎಷ್ಟು, ಆ ಮನೆಗೆ ಊರಿನಲ್ಲಿರುವ ಸ್ಥಾನ ಏನು, ಆ ಮನೆಯೊಳಗೆ ತಾಯಿಗಿರುವ ಸ್ಥಾನ ಏನು ಎಂಬ ಮೂರು ಸಂಗತಿಗಳು ಅದನ್ನು ತೀರ್ಮಾನಿಸುತ್ತವೆ. ಮೂರನೆಯದನ್ನು ನಾವು ಬಹಳ ಕಾಲ ಕಡೆಗಣಿಸಿದ್ದೇವೆ. ಅದನ್ನು ಮುಂದೆ ತರುವುದೇ ಈ ಉಪನ್ಯಾಸದ ಉದ್ದೇಶ.

1

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಅಲ್ಲಿಯ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಾ ಬಂದರು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, 1934ರಿಂದ 1954ರೊಳಗೆ ಹುಟ್ಟಿದ 517 ಮಂದಿಯನ್ನು ಹುಡುಕಿ ತಪಾಸಣೆ ಮಾಡಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಅದು ನೂರಕ್ಕೆ 3. ಹುಟ್ಟಿದಾಗ ಅಷ್ಟು ಕಡಿಮೆ ತೂಗಿದ್ದವರ ತಾಯಿಯೂ ಬಸುರಿಯಾಗಿದ್ದಾಗ 45 ಕಿಲೋ ತುಂಬದವಳಾಗಿದ್ದರೆ, ಅಂಥವರಲ್ಲಿ ಅದು ನೂರಕ್ಕೆ 20.

ಒಂದು ಅಧ್ಯಯನದಿಂದ ಎಲ್ಲವೂ ಇತ್ಯರ್ಥವಾಗುವುದಿಲ್ಲ, ನಿಜ. ಆದರೂ ಅದು ತೋರಿಸಿದ ದಾರಿ ದೊಡ್ಡದು. ತಾಯಿಯ ಹೊಟ್ಟೆಗೆ ಬೀಳದ ಊಟದ ಲೆಕ್ಕವನ್ನು ಮಗು ತನ್ನ ನಲವತ್ತು, ಐವತ್ತನೆಯ ವಯಸ್ಸಿನಲ್ಲಿ ತೀರಿಸಬೇಕಾಗಬಹುದು. ಬಡತನ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಲದ ಪತ್ರದಲ್ಲಿ ಮಾತ್ರವಲ್ಲ, ಮೈಯಲ್ಲೂ ದಾಟುತ್ತದೆ.

2

ಇತ್ತೀಚಿನ ಸ್ಥಿತಿಗೆ ಬರೋಣ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ನೂರರಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇತ್ತು. ಇಡೀ ದೇಶದ ಲೆಕ್ಕದಲ್ಲಿ, ತೀರಾ ಬಡವರಾದ ಐದನೇ ಒಂದು ಪಾಲು ಮನೆಗಳಲ್ಲಿ ಕುಂಠಿತ ಬೆಳವಣಿಗೆಯ ಮಕ್ಕಳು ನೂರಕ್ಕೆ 46. ತೀರಾ ಅನುಕೂಲಸ್ಥರ ಐದನೇ ಒಂದು ಪಾಲಿನಲ್ಲಿ 23. ವರಮಾನದ ಪ್ರಭಾವಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ಆ 23ರ ಮುಂದೆ ಒಂದು ಕ್ಷಣ ನಿಲ್ಲಬೇಕು. ಉಣ್ಣಲು ಕೊರತೆಯಿಲ್ಲದ ಮನೆಯಲ್ಲೂ ನಾಲ್ಕರಲ್ಲಿ ಒಂದು ಮಗುವಿನಷ್ಟು ಏಕೆ ಬೆಳೆಯುತ್ತಿಲ್ಲ? ನೀರು, ನೈರ್ಮಲ್ಯ, ಪದೇ ಪದೇ ಬರುವ ಭೇದಿ ಒಂದು ಕಾರಣ. ಇನ್ನೊಂದು ಅಡುಗೆಮನೆಯಲ್ಲೇ ಇದೆ. ಗಂಡಸರು, ಮಕ್ಕಳು, ಹಿರಿಯರು ಉಂಡ ಮೇಲೆ ಸೊಸೆ ಕೂರುತ್ತಾಳೆ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಮುದ್ದೆ ಉಳಿದಿರುತ್ತದೆ, ಸಾರು ನೀರಾಗಿರುತ್ತದೆ, ಮೊಟ್ಟೆ ಮುಗಿದಿರುತ್ತದೆ. ಹದಿನೆಂಟು ತುಂಬುವ ಮೊದಲೇ ಮದುವೆಯಾದವಳಾದರೆ ಅವಳ ಮೈಯೇ ಇನ್ನೂ ಬೆಳೆಯಬೇಕಾದ ಮೈ. ಇರುವಷ್ಟು ಅನ್ನವನ್ನು ಅವಳೂ ಹೊಟ್ಟೆಯಲ್ಲಿರುವ ಕೂಸೂ ಹಂಚಿಕೊಳ್ಳಬೇಕು.

3

ಅಂಗನವಾಡಿಯ ತೂಕದ ದಿನವನ್ನು ನೋಡಿ. ಕಾರ್ಯಕರ್ತೆ ಮಗುವನ್ನು ತೂಗಿ, ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ಇಡುತ್ತಾರೆ. ಚುಕ್ಕೆ ಹಸಿರು ಬಣ್ಣದ ಭಾಗದಿಂದ ಕೆಳಗಿಳಿದರೆ ‘ಯಾಕಮ್ಮಾ, ಸರಿಯಾಗಿ ಉಣಿಸಲ್ವಾ?’ ಎಂಬ ಪ್ರಶ್ನೆ ತಾಯಿಗೇ ಬರುತ್ತದೆ. ಅವಳು ತಲೆ ತಗ್ಗಿಸುತ್ತಾಳೆ. ಅವತ್ತಿನ ಕೂಲಿ ಬಿಟ್ಟು ಬಂದಿದ್ದಾಳೆ ಎಂಬುದನ್ನು ನಕ್ಷೆ ಹೇಳುವುದಿಲ್ಲ. ತೀವ್ರ ಅಪೌಷ್ಟಿಕತೆಯ ಮಗುವಿನೊಂದಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ 14 ದಿನ ಇರಬೇಕೆಂದರೆ, ಮನೆಯಲ್ಲಿರುವ ಉಳಿದ ಮಕ್ಕಳನ್ನು ನೋಡುವವರು ಯಾರು? ಅರ್ಧದಲ್ಲೇ ಎದ್ದು ಹೋಗುವ ತಾಯಂದಿರಿಗೆ ಅರಿವಿನ ಕೊರತೆಯಿಲ್ಲ, ಅವರಿಗಿರುವುದು ಆಸರೆಯ ಕೊರತೆ.

ಸರ್ಕಾರಗಳು ಏನೂ ಮಾಡಿಲ್ಲ ಎನ್ನುವುದು ಅನ್ಯಾಯದ ಮಾತಾದೀತು. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬಂತು. 2017ರಲ್ಲಿ ಬಂದ ಮಾತೃಪೂರ್ಣ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಿತು. ಊಟವನ್ನು ಅಲ್ಲೇ ಉಣ್ಣಬೇಕೆಂಬುದರ ಹಿಂದೆ, ಅದು ತಾಯಿಯ ಹೊಟ್ಟೆಗೇ ಸೇರಲಿ ಎಂಬ ಸರಿಯಾದ ಕಾಳಜಿ ಇತ್ತು. ಆದರೆ ಮಲೆನಾಡಿನ ಒಂಟಿ ಮನೆಯಿಂದ ತುಂಬು ಬಸುರಿ ದಿನಾ ನಡೆದು ಬರಲಾರಳು. ಹೊಲದಲ್ಲಿ ಕೂಲಿಗೆ ಇಳಿದವಳು ನಡುಮಧ್ಯಾಹ್ನ ಎದ್ದು ಬರಲಾರಳು. ಅಡುಗೆ ಮಾಡಿದವರ ಜಾತಿ ನೋಡಿ ತಟ್ಟೆ ಮುಟ್ಟದ ಊರುಗಳೂ ಇವೆ. ಇನ್ನು ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಗುಳೆ ಬರುವ ಕುಟುಂಬದ ಮಗುವಿನ ಹೆಸರು ಊರಿನ ಅಂಗನವಾಡಿಯಲ್ಲಿರುತ್ತದೆ, ಮಗು ಕಟ್ಟಡದ ಮರಳು ರಾಶಿಯ ಪಕ್ಕದಲ್ಲಿರುತ್ತದೆ.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೆ ಹಾಕುತ್ತದೆ. ಹೆಂಗಸಿನ ಕೈಗೆ ಹಣ ಬಂದದ್ದು ಒಳ್ಳೆಯ ಹೆಜ್ಜೆ. ಆದರೆ ಅತ್ತೆ ಸೊಸೆ ಒಟ್ಟಿಗಿರುವ ಮನೆಯಲ್ಲಿ ಯಜಮಾನಿ ಸಾಮಾನ್ಯವಾಗಿ ಅತ್ತೆ. ಬಸುರಿ ಸೊಸೆಗೆ ಆಗಲೂ ಕೇಳಿ ಪಡೆಯುವುದೇ ಗತಿ.

4

ಹಾಗಾದರೆ ಆಗಬೇಕಾದ್ದು ಏನು? ದೂರದ ಬಸುರಿಗೆ ಊಟ ಮನೆ ಬಾಗಿಲಿಗೆ ಹೋಗಬೇಕು. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಹೆಸರಿಗಷ್ಟೇ ಉಳಿಯದೆ ದಿನವಿಡೀ ನಡೆಯಬೇಕು. ಅಂಥವು ನಗರದ ಕಟ್ಟಡ ಕಾಮಗಾರಿಗಳ ಬಳಿಯೂ ಬೇಕು. ಗುಳೆ ಹೋದ ಮಗುವಿನ ಹಿಂದೆ ಅದರ ಆಹಾರದ ಹಕ್ಕೂ ಹೋಗಬೇಕು. ಹುಡುಗಿಯರು ಪಿಯುಸಿವರೆಗಾದರೂ ಓದಬೇಕು. ಓದುವ ಹುಡುಗಿಯ ಮದುವೆ ಮುಂದೆ ಹೋಗುತ್ತದೆ, ನಾಳೆ ಅವಳ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುತ್ತೀರಿ, ಶಿಕ್ಷಕರಾಗುತ್ತೀರಿ, ಪಂಚಾಯಿತಿ ಸದಸ್ಯರೂ ಆಗುತ್ತೀರಿ. ತೂಕ ಇಳಿದ ಮಗು ನಿಮ್ಮೆದುರು ಬಂದಾಗ, ಅದಕ್ಕೇನು ಉಣಿಸಿದೆ ಎಂದು ತಾಯಿಯನ್ನು ಕೇಳುವ ಮೊದಲು, ನೀನು ಏನು ಉಂಡೆ ತಾಯಿ ಎಂದು ಕೇಳಿ. ಅವಳು ಕೊಡುವ ಉತ್ತರವನ್ನು ಪಂಚಾಯಿತಿಯ ಸಭೆಗೆ, ತಾಲ್ಲೂಕು ಕಚೇರಿಗೆ, ವಿಧಾನಸೌಧಕ್ಕೆ ಮುಟ್ಟಿಸುವುದು ಓದು ಪಡೆದ ನಮ್ಮೆಲ್ಲರ ಕೆಲಸ.