ಒಂದು ನೆಲದುಂಬಿಗೆ ಹೆಸರಿಡುವುದೆಂದರೆ



ತೋಟಕ್ಕೆ ತರಗೆಲೆ ಹೊರುವಾಗ ಬುಟ್ಟಿಯ ತಳದಿಂದ ಕಪ್ಪಗೆ ಹೊಳೆಯುವ ಹುಳುವೊಂದು ಹೊರಬಿದ್ದು, ಹಾರದೆ, ಸರಸರನೆ ಓಡಿ ಎಲೆಯಡಿ ಮರೆಯಾಗುವುದನ್ನು ಬೆಟ್ಟದ ಊರುಗಳಲ್ಲಿ ಕಾಣದವರು ಕಡಿಮೆ. ಉದ್ದನೆಯ ಕಾಲು, ದಾರದಂಥ ಮೀಸೆ, ಮುಂದಕ್ಕೆ ಚಾಚಿದ ದವಡೆ: ಇವಿದ್ದರೆ ಅದು ನೆಲದುಂಬಿಗಳ ಕುಟುಂಬದ್ದಾಗಿರುವ ಸಂಭವ ಹೆಚ್ಚು. ಇವುಗಳಲ್ಲಿ ಬಹುಪಾಲು ಬೇಟೆಗಾರ ಜೀವಿಗಳು. ಮರಿಹುಳು, ಎರೆಹುಳು, ಬಸವನಹುಳುಗಳೇ ಅವುಗಳ ಆಹಾರ. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದಿರುವ ನೆಲದುಂಬಿ ಪ್ರಭೇದಗಳು ಸುಮಾರು 40,000. ಹೆಸರಿಲ್ಲದವು ಇನ್ನೂ ಇವೆ. ಅಂಥದೊಂದಕ್ಕೆ ಹೆಸರು ದೊರೆಯುವ ಬಗೆಯನ್ನು ತಿಳಿಯಲು ಶಾಂತಸಾಗರದ ತಾಹಿತಿ ದ್ವೀಪವನ್ನು ನೋಡಬಹುದು.

ತಾಹಿತಿಯ ವಿಸ್ತೀರ್ಣ ಸುಮಾರು 1,045 ಚದರ ಕಿಲೋಮೀಟರ್. ಮಲೆನಾಡಿನ ಒಂದು ದೊಡ್ಡ ತಾಲ್ಲೂಕಿನಷ್ಟು. ಜ್ವಾಲಾಮುಖಿಯಿಂದ ಮೂಡಿದ ಈ ನೆಲದ ಅತ್ಯುನ್ನತ ಶಿಖರ ಒರೊಹೆನಾ 2,241 ಮೀಟರ್ ಎತ್ತರವಿದೆ. ಕಡಿದಾದ ಕಣಿವೆಗಳು ಒಂದು ಏಣನ್ನು ಇನ್ನೊಂದರಿಂದ ಬೇರ್ಪಡಿಸಿವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೀಟತಜ್ಞ ಜೇಮ್ಸ್ ಲೀಬರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಒಂದೇ ದ್ವೀಪದಿಂದ ಮೆಸಿಕ್ಲೋಥೊರಾಕ್ಸ್ ಎಂಬ ಒಂದೇ ಕುಲದ 101 ಪ್ರಭೇದಗಳನ್ನು ದಾಖಲಿಸಿದ್ದಾರೆ. ಅವುಗಳಲ್ಲಿ 28 ವಿಜ್ಞಾನಕ್ಕೆ ಹೊಸತು. ಎಲ್ಲವೂ ಕೆಲವೇ ಮಿಲಿಮೀಟರ್ ಉದ್ದದವು. ಯಾವುದಕ್ಕೂ ಹಾರುವ ಶಕ್ತಿಯಿಲ್ಲ.

ಬೆಟ್ಟದ ದುಂಬಿಗಳು ರೆಕ್ಕೆ ಕಳೆದುಕೊಳ್ಳುವುದೇಕೆ ಎಂಬ ಪ್ರಶ್ನೆ ಹಳೆಯದು. ಮದೀರಾ ದ್ವೀಪದ 550 ದುಂಬಿ ಪ್ರಭೇದಗಳಲ್ಲಿ 200 ಹಾರಲಾರವು ಎಂಬುದನ್ನು 1859ರಲ್ಲಿ ಡಾರ್ವಿನ್ ಉಲ್ಲೇಖಿಸಿ, ಹಾರುವವು ಗಾಳಿಗೆ ಸಿಕ್ಕಿ ಸಮುದ್ರಪಾಲಾಗುವುದೂ ಇದಕ್ಕೊಂದು ಕಾರಣವೆಂದು ಊಹಿಸಿದನು. 1943ರಲ್ಲಿ ಫಿಲಿಪ್ ಡಾರ್ಲಿಂಗ್ಟನ್ ಬೆಟ್ಟಗಳ ಮತ್ತು ದ್ವೀಪಗಳ ನೆಲದುಂಬಿಗಳನ್ನು ಹೋಲಿಸಿ ಬೇರೊಂದು ವಿವರಣೆ ನೀಡಿದನು: ನೆಲೆ ಚಿಕ್ಕದಾಗಿ, ಸ್ಥಿರವಾಗಿ ಇದ್ದಲ್ಲಿ ಹಾರಿ ಹೊಸ ನೆಲೆ ಹುಡುಕುವ ಅಗತ್ಯವೇ ಇಲ್ಲ, ಅಗತ್ಯವಿಲ್ಲದ ರೆಕ್ಕೆ ತಲೆಮಾರುಗಳಲ್ಲಿ ಕುಗ್ಗುತ್ತದೆ. ಗಾಳಿಯ ಕಥೆಗಿಂತ ಈ ವಾದವೇ ಕಾಡಿನೊಳಗಣ ಬೆಟ್ಟಗಳಿಗೆ ಹೆಚ್ಚು ಹೊಂದುತ್ತದೆ, ಏಕೆಂದರೆ ತರಗೆಲೆಯ ಕೆಳಗೆ ಗಾಳಿಯೇ ಬೀಸದು. ಒಮ್ಮೆ ರೆಕ್ಕೆ ಹೋಯಿತೆಂದರೆ ಕಣಿವೆಯೇ ಕಡಲಾಗುತ್ತದೆ. ಈ ಏಣಿನ ದುಂಬಿ ಆ ಏಣನ್ನು ಸೇರಲಾರದು. ಎರಡು ಕಡೆಯವು ಬೇರೆ ಬೇರೆ ಹಾದಿ ಹಿಡಿದು ಎರಡು ಪ್ರಭೇದಗಳಾಗುತ್ತವೆ. ತಾಹಿತಿಯ ಎಷ್ಟೋ ಪ್ರಭೇದಗಳ ಸಮಸ್ತ ಲೋಕವೂ ಒಂದೇ ಏಣು.

ಇಷ್ಟು ಹೋಲುವ ಹುಳುಗಳನ್ನು ಬೇರೆಯೆಂದು ಹೇಳುವುದು ಹೇಗೆ? ಬಣ್ಣ ನೋಡಿ ಹೇಳಲಾಗದು. ಸೂಕ್ಷ್ಮದರ್ಶಕದಡಿಯಲ್ಲಿ ಕಣ್ಣಿನ ಉಬ್ಬು, ಎದೆಕವಚದ ಅಂಚಿನ ಬಾಗು, ಬೆನ್ನ ಕವಚದ ಮೇಲಿನ ಗೀರುಗಳ ಆಳ, ಸ್ಪರ್ಶರೋಮಗಳ ಸಂಖ್ಯೆ ಮತ್ತು ಸ್ಥಾನ ಇವನ್ನೆಲ್ಲ ಅಳೆದು ಬರೆಯಬೇಕಾಗುತ್ತದೆ. ಆಗಲೂ ಸಂಶಯ ಉಳಿದರೆ ಗಂಡು ದುಂಬಿಯ ಜನನಾಂಗದ ಆಕಾರವನ್ನು ಪರೀಕ್ಷಿಸಲಾಗುತ್ತದೆ. ನಂತರ ಹಿಂದೆ ವರ್ಣಿತವಾದ ಹತ್ತಿರದ ಪ್ರಭೇದಗಳೊಂದಿಗೆ ಹೋಲಿಕೆ. ಈ ಕೆಲಸಕ್ಕೆ ವರ್ಷಗಳೇ ಹಿಡಿಯುವುದುಂಟು. ಪತ್ರಿಕೆಯಲ್ಲಿ ಬರುವ 'ಹೊಸ ಪ್ರಭೇದ ಪತ್ತೆ' ಎಂಬ ಸುದ್ದಿಯಲ್ಲಿ ಈ ಶ್ರಮ ಕಾಣುವುದಿಲ್ಲ. ಕೊನೆಗೆ ಒಂದೇ ಒಂದು ಮಾದರಿಯನ್ನು ಆ ಹೆಸರಿನ ಆಧಾರವೆಂದು ಆರಿಸಿ, ಅದನ್ನು ಹಿಡಿದ ಸ್ಥಳ, ಎತ್ತರ, ದಿನಾಂಕಗಳನ್ನು ಬರೆದ ಪುಟ್ಟ ಚೀಟಿಯೊಡನೆ ಸಂಗ್ರಹಾಲಯದಲ್ಲಿ ಇಡಲಾಗುತ್ತದೆ. ಮುಂದೆ ಸಂದೇಹ ಬಂದಾಗಲೆಲ್ಲ ತಜ್ಞರು ನೋಡುವುದು ಅದನ್ನೇ. ಆ ಚೀಟಿಯೇ ದುಂಬಿಯನ್ನು ಒಂದು ನಿರ್ದಿಷ್ಟ ಬೆಟ್ಟಕ್ಕೆ ಕಟ್ಟಿಹಾಕುವ ದಾಖಲೆ. ನಾಳೆ ಆ ಬೆಟ್ಟ ಬೋಳಾದರೆ ಏನು ಹೋಯಿತೆಂದು ಹೇಳಲು ಸಾಧ್ಯವಾಗುವುದು ಅದರಿಂದಲೇ.

ತಾಹಿತಿಯಲ್ಲಿ ಈ ಮಾತು ಕೇವಲ ಊಹೆಯಲ್ಲ. 1937ರಲ್ಲಿ ಅಂದಕ್ಕೆಂದು ತಂದು ನೆಟ್ಟ ಮೈಕೋನಿಯಾ ಎಂಬ ಅಗಲ ಎಲೆಯ ಗಿಡ ಇಂದು ದ್ವೀಪದ ಮೂರನೆಯ ಎರಡು ಭಾಗವನ್ನು ಆವರಿಸಿದೆ. (ನಮ್ಮ ಲಂಟಾನವೂ ಅಂದದ ಗಿಡವಾಗಿಯೇ ಭಾರತಕ್ಕೆ ಬಂದದ್ದು.) ಅದರ ಮೇಲೆ ಅಮೆರಿಕ ಖಂಡದ ಪುಟ್ಟ ಬೆಂಕಿ ಇರುವೆಯೂ ದ್ವೀಪದಲ್ಲಿ ನೆಲೆಯೂರಿದೆ. ಹಾರಿ ತಪ್ಪಿಸಿಕೊಳ್ಳಲಾರದ ದುಂಬಿಗೆ ಇರುವೆಯ ದಂಡು ಎಂಥ ಅಪಾಯವೆಂಬುದನ್ನು ವಿವರಿಸಬೇಕಾಗಿಲ್ಲ.

ಭಾರತದ ನೆಲದುಂಬಿಗಳ ಕುರಿತು ಹರ್ಬರ್ಟ್ ಆಂಡ್ರ್ಯೂಸ್ ಬರೆದ ಎರಡು ಸಂಪುಟಗಳು 1929 ಮತ್ತು 1935ರಲ್ಲಿ ಪ್ರಕಟವಾದವು. ಆ ಬೃಹತ್ ಕಾರ್ಯ ಅಷ್ಟಕ್ಕೇ ನಿಂತಿತು. ಪಶ್ಚಿಮ ಘಟ್ಟದ ಯೋಜನೆಗಳ ಪರಿಸರ ವರದಿಗಳಲ್ಲಿ ಮರ, ಮೃಗ, ಪಕ್ಷಿಗಳ ಪಟ್ಟಿಯಿರುತ್ತದೆ. ತರಗೆಲೆಯ ಕೆಳಗಿನ ಜೀವಿಗಳಿಗೆ ಅಲ್ಲಿ ಸ್ಥಾನ ದೊರೆಯುವುದು ಅಪರೂಪ. ಹೆಸರಿಲ್ಲದ್ದನ್ನು ಪಟ್ಟಿಗೆ ಸೇರಿಸುವುದಾದರೂ ಹೇಗೆ ಎಂದು ವರದಿಗಾರರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಹೆಸರಿಲ್ಲ ಎಂಬುದನ್ನಾದರೂ ಬರೆಯಬಹುದಲ್ಲ!

2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮಿನ ಪ್ರಕಾರ, ಹೊಸ ಪ್ರಭೇದ ಕಂಡುಹಿಡಿದವರು ಅದರ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಅದೇ ಕಾಯ್ದೆಯಡಿ ಪಂಚಾಯತಿಗಳ ಜೀವವೈವಿಧ್ಯ ಸಮಿತಿಗಳು ಊರಿನ ಜೀವಿಗಳ ದಾಖಲಾತಿ ನಡೆಸುತ್ತವೆ. ದುಂಬಿಯ ಗೀರು ಎಣಿಸುವುದು ತಜ್ಞರ ಕೆಲಸವಿರಬಹುದು. ಆದರೆ ಚೀಟಿಯ ಮೇಲೆ ಬರೆಯಬೇಕಾದ ಏಣಿನ ಹೆಸರು, ಹಳ್ಳದ ಹೆಸರು, ಆ ಕಾಡು ಎಂದು ಕಡಿಯಲ್ಪಟ್ಟಿತ್ತು, ಎಂದು ಮತ್ತೆ ಬೆಳೆಯಿತು ಎಂಬ ವಿವರ ಯಾವ ನಕ್ಷೆಯಲ್ಲೂ ಪೂರ್ತಿಯಾಗಿ ಸಿಗದು. ಅದನ್ನು ಹೇಳಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ.